ಹೊಟ್ಟಿನ ಗುಡ್ಡೆಯೂ ಪತ್ತೇದಾರನ ಕರಿ ಕೋಟೂ

ನಿಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತುವೊಂದು ಕಳುವಾದರೆ ನಿಮಗೆ ಮೊದಲು ಬೇಕಾದುದು ಯಾವುದು: ಆ ವಸ್ತುವೋ, ಕದ್ದವರ ಹೆಸರೋ? ಎರಡೂ ಬೇಕು ಎಂದು ಹೇಳಿ ಪಾರಾಗುವುದು ಸುಲಭ. ಒಂದು ಸಿಗಬೇಕಾದರೆ ಇನ್ನೊಂದನ್ನು ಬಿಡಲೇಬೇಕೆಂಬ ಷರತ್ತು ಇದ್ದರೆ, ಆಗ? ಈ ಪ್ರಶ್ನೆ ನನ್ನ ಎದುರಿಗೆ ಬಂದು ನಿಂತದ್ದು ಚಿಪ್ಪಗಿರಿಯ ಕಡೆಯ ಒಂದು ಹಳ್ಳಿಯಲ್ಲಿ, ನಗೆಚಿತ್ರವೊಂದರ ಚಿತ್ರೀಕರಣದ ನಡುವೆ. ಅಲ್ಲಿಯವರೆಗೆ ನಾನು ಇದನ್ನು ಪ್ರಶ್ನೆಯೆಂದೇ ಎಣಿಸಿರಲಿಲ್ಲ. ಸತ್ಯ ಗೊತ್ತಾಗಬೇಕು, ಅಷ್ಟೇ; ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ ಎಂದು ನಂಬಿದ್ದೆ.

ಹಾಗೆ ನಂಬಲು ಕಾರಣವಿತ್ತು. ಕಾಲೇಜಿನಲ್ಲಿ ನಾನು ಕಲಿತದ್ದರಲ್ಲಿ ಇಂದಿಗೂ ಉಳಿದಿರುವುದು ಚರ್ಚಾಸ್ಪರ್ಧೆಯ ಶಿಸ್ತು ಒಂದೇ. ಎದುರಾಳಿ ಏನು ಹೇಳಿದರೂ ಮೊದಲು ಕೇಳಬೇಕಾದುದು, 'ಇದು ನಿಮಗೆ ಹೇಗೆ ಗೊತ್ತು?' ಎಂದು. ಆ ಶಿಸ್ತನ್ನು ಊರಿಗೂ ಹಂಚಬೇಕೆಂಬ ಆಸೆಯಿಂದ ಆದೋನಿಯಲ್ಲಿ, ಹತ್ತಿ ಮಾರುಕಟ್ಟೆಯ ಹತ್ತಿರದ ಒಂದು ಮಾಳಿಗೆಯ ಕೋಣೆಯಲ್ಲಿ, ಭಾನುವಾರಗಳಂದು ಚರ್ಚಾಕೂಟ ನಡೆಸುತ್ತೇನೆ. ಕನ್ನಡದವರು, ತೆಲುಗಿನವರು, ಎರಡನ್ನೂ ಒಂದೇ ವಾಕ್ಯದಲ್ಲಿ ಆಡುವವರು ಬರುತ್ತಾರೆ. ಗಟ್ಟಿದನಿಯೇ ಪುರಾವೆಯಲ್ಲ ಎಂಬುದನ್ನು ನಾಲ್ಕು ಜನಕ್ಕಾದರೂ ಮನಗಾಣಿಸಿದರೆ ಸಾಕೆಂಬುದು ನನ್ನ ಹಂಬಲ.

ಆ ಕೂಟದಲ್ಲಿ ಪಳಗಿದ ಯುವಕನೊಬ್ಬ ಸಿನಿಮಾ ಮಾಡಬೇಕೆಂದು ಹೊರಟ. ಅವನನ್ನು ಇಲ್ಲಿ ನಿರ್ದೇಶಕನೆಂದೇ ಕರೆಯುತ್ತೇನೆ. ಒಂದು ದಿನ ಬಂದು, "ಸಾರ್, ನೀವು ಭಾಷಣಾ ಮಾಡಿದ್ರ ಮಂದಿ ಆಕಳಿಸ್ತಾರ. ಅದನ್ನೇ ಒಬ್ಬ ದಡ್ಡ ಪತ್ತೇದಾರನ ಬಾಯಾಗ ಇಟ್ರ ನಕ್ಕೊಂತ ಕೇಳ್ತಾರ. ಬರದು ಕೊಡ್ರಿ," ಎಂದ. ಆಕಳಿಕೆಯ ಮಾತು ಸ್ವಲ್ಪ ಚುಚ್ಚಿತು. ಆದರೂ ಒಪ್ಪಿದೆ.

ಕಥೆ ಸರಳ. ಹಳ್ಳಿಯ ಮನೆಯೊಂದರಲ್ಲಿ ಚಿನ್ನದ ಬೋರಮಾಳ, ಎಂದರೆ ಬೋರೆಕಾಯಿಯಂಥ ಗುಂಡುಗಳನ್ನು ಪೋಣಿಸಿದ ಸರ, ಕಳುವಾಗುತ್ತದೆ. ಹಳೆಯ ಪತ್ತೇದಾರಿ ಕಾದಂಬರಿಗಳನ್ನು ಓದಿಯೇ ಪತ್ತೇದಾರನಾದ ಆದೋನಿಯ ಮನುಷ್ಯನೊಬ್ಬ ಉದ್ದನೆಯ ಕರಿ ಕೋಟು ತೊಟ್ಟು, ಶೇರ್ ಆಟೋದಲ್ಲಿ ಹತ್ತು ಜನರ ನಡುವೆ ನುಸುಳಿಕೊಂಡು ಬಂದಿಳಿಯುತ್ತಾನೆ. ಕಂಡದ್ದರಿಂದೆಲ್ಲ ಅದ್ಭುತವಾದ ತೀರ್ಮಾನಗಳನ್ನು ತೆಗೆಯುತ್ತಾನೆ. ಒಬ್ಬನ ಚಪ್ಪಲಿಯ ಧೂಳನ್ನು ಭೂತಗನ್ನಡಿಯಲ್ಲಿ ನೋಡಿ, "ನೀನು ಈಗತಾನೆ ಮಂತ್ರಾಲಯದಿಂದ ಬಂದೀಯ," ಎನ್ನುತ್ತಾನೆ. ಆತ, "ಇಲ್ರೀ, ಪಕ್ಕದ ಮನಿಯಿಂದ ಬಂದೀನಿ," ಎಂದರೆ, "ಮಂತ್ರಾಲಯದಿಂದ ಬಂದವ ಹಂಗೇ ಅಂತಾನ!" ಎಂದು ಸಂತೋಷದಿಂದ ತಲೆದೂಗುತ್ತಾನೆ. ಹೆಜ್ಜೆಗುರುತುಗಳ ಬೆನ್ನು ಹತ್ತಿ ಕುರಿಹಟ್ಟಿಗೆ ಹೋಗಿ ಒಂದು ಟಗರನ್ನು ವಿಚಾರಣೆಗೆ ಗುರಿಪಡಿಸುತ್ತಾನೆ. ಕೊನೆಗೆ ಕಾದಂಬರಿಗಳಲ್ಲಿ ಆಗುವಂತೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ರಹಸ್ಯವನ್ನು ಬಿಡಿಸುತ್ತಾನೆ. ಆ ಕೊನೆಯ ಭಾಷಣವೇ ನನ್ನ ಪಾಲಿನ ಕೆಲಸ. ಅದೇ ಪುರಾವೆಗಳಿಂದ ಅವನು ಕೂತವರೆಲ್ಲರನ್ನೂ ಒಬ್ಬರಾದ ಮೇಲೊಬ್ಬರಂತೆ ಕಳ್ಳರೆಂದು ಸಾಬೀತುಪಡಿಸಬೇಕು. ಪ್ರತಿ ಸಲವೂ ಉಳಿದವರು 'ಹೌದು ಹೌದು' ಎನ್ನಬೇಕು. ಆರೋಪಕ್ಕೆ ಒಳಗಾದವನಿಗೂ ತಾನೇ ಕದ್ದಿರಬಹುದೇ ಎಂಬ ಅನುಮಾನ ಹುಟ್ಟಬೇಕು. ಅದನ್ನು ಬರೆಯುವಾಗ ನನಗೆ ಬಹಳ ಉತ್ಸಾಹವಿತ್ತು. ನಕ್ಕವರು ಮನೆಗೆ ಹೋಗುವ ದಾರಿಯಲ್ಲಿ, 'ಹಾಗಾದರೆ ನಾವು ದಿನಾ ನಂಬುವುದೆಲ್ಲ ಇಂಥದ್ದೇ ಅಲ್ಲವೇ?' ಎಂದು ಯೋಚಿಸುವರೆಂದು ನಿರೀಕ್ಷಿಸಿದ್ದೆ.

ಪತ್ತೇದಾರನ ಪಾತ್ರಕ್ಕೆ ಸಿಕ್ಕವರು ಆದೋನಿಯ ಒಬ್ಬ ದರ್ಜಿ. ವಕೀಲರ ಕೋಟುಗಳಿಗೆಂದು ತರಿಸಿದ್ದ ಕರಿ ಬಟ್ಟೆಯಲ್ಲಿ ತಮ್ಮ ಕೋಟನ್ನು ತಾವೇ ಹೊಲಿದುಕೊಂಡರು. ಪತ್ತೇದಾರನಿಗೆ ಗುಟ್ಟುಗಳು ಹೆಚ್ಚೆಂದು ಅದಕ್ಕೆ ಲೆಕ್ಕವಿಲ್ಲದಷ್ಟು ಒಳಜೇಬುಗಳನ್ನು ಇಟ್ಟರು. ನಮ್ಮ ಕಡೆಯ ಬಿಸಿಲಿನಲ್ಲಿ ಒಂದೊಂದು ದೃಶ್ಯ ಮುಗಿದಾಗಲೂ ಒಳಗಿನ ಅಂಗಿಯನ್ನು ಬಿಚ್ಚಿ ಹಿಂಡಿ ಮತ್ತೆ ತೊಡುತ್ತಿದ್ದರು. ಕಳ್ಳನ ಪಾತ್ರಕ್ಕೆ ಆ ಹಳ್ಳಿಯವನೇ ಆದ ಒಬ್ಬ ಆಟೋದವನು. ಅವನ ಮನೆಯವರು ಕುರಿ ಸಾಕುವವರು. ಅವನು ಮಾತ್ರ ಸುತ್ತಲಿನ ಹಳ್ಳಿಗಳಿಗೂ ಚಿಪ್ಪಗಿರಿಗೂ ನಡುವೆ ಆಟೋ ಓಡಿಸುತ್ತಾನೆ. ನಿರ್ದೇಶಕ ಅವನನ್ನು ಆರಿಸಿದ ಕಾರಣ ವಿಚಿತ್ರವಾಗಿತ್ತು. "ಊರಾಗ ಯಾರ ಮಾರಿ ನೋಡಿದ್ರ ಕಳ್ಳ ಅನ್ಸಂಗೇ ಇಲ್ಲೋ ಅವನೇ ಬೇಕು, ಸಾರ್. ಕಾದಂಬರಿಯಾಗ ಯಾವಾಗ್ಲೂ ಅವನೇ ಇರ್ತಾನ," ಎಂದಿದ್ದ.

ಚಿತ್ರೀಕರಣ ನಡೆದದ್ದು ಆ ಊರಿನ ಒಂದು ದೊಡ್ಡ ತೊಲೆಗಳ ಮನೆಯಲ್ಲಿ. ಆದೋನಿಯ ಅಂಗಡಿಯಿಂದ ತಂದ ನಕಲಿ ಬೋರಮಾಳ ಕ್ಯಾಮೆರಾದಲ್ಲಿ ಪಾತ್ರೆಯಂತೆ ಹೊಳೆಯುತ್ತಿತ್ತು. ಅದನ್ನು ಕಂಡ ಮನೆಯೊಡತಿಗೆ ಸಮಾಧಾನವಾಗಲಿಲ್ಲ. ತಮ್ಮ ಕೊರಳಿನದನ್ನೇ ತೆಗೆದು ಕೊಟ್ಟರು.

"ನಮ್ಮ ಮನಿ ಸಿನಿಮಾದಾಗ ಬರ್ತೈತಿ ಅಂದಮ್ಯಾಗ ಹಿತ್ತಾಳಿ ಯಾಕ ಬರಬೇಕು? ಇದನ್ನ ತೋರಸ್ರಿ."

ಬಾಗಿಲಲ್ಲಿ ಕೂತಿದ್ದ ಅವರ ಅತ್ತೆ, "ಕೊಡು, ಆದ್ರ ಕಣ್ಣಿಟ್ಟಿರು. ಅದು ನಮ್ಮತ್ತಿ ಹಾಕಿದ್ದು," ಎಂದರು. ಈ ಮುದುಕಿ ಮನೆಯಲ್ಲಿ ಎಲ್ಲದಕ್ಕೂ ಕೊನೆಯ ಮಾತು ತಮ್ಮದೇ ಎಂದು ತಿಳಿದವರು. ಕ್ಯಾಮೆರಾವನ್ನು ಎಲ್ಲಿಡಬೇಕೆಂಬುದನ್ನೂ ಹೇಳಿಕೊಡುತ್ತಿದ್ದರು.

ಬೆಳಿಗ್ಗೆಯೆಲ್ಲ ಒಂದೇ ದೃಶ್ಯ. ಆಟೋದವನು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಒಳಕೋಣೆಯ ಗೋಡೆಯ ಗೂಡಿನಿಂದ ಬೋರಮಾಳವನ್ನು ಎತ್ತಬೇಕು. ಅವನಿಗೆ ಪ್ರತಿ ಸಲವೂ ನಗು. ಅಂತೂ ಸರಿಯಾಗಿ ಬಂತು. ಅವನೇ ಆಭರಣವನ್ನು ಮತ್ತೆ ಗೂಡಿನಲ್ಲಿಟ್ಟ ಮೇಲೆ ಎಲ್ಲರೂ ಊಟಕ್ಕೆ ಎದ್ದೆವು. ಆಟೋದವನು ತಂಪು ಪಾನೀಯ ತರಲು ಚಿಪ್ಪಗಿರಿಗೆ ಹೋಗಿ ಬಂದ. ಊಟವಾದ ಮೇಲೆ ಗೂಡನ್ನು ಹತ್ತಿರದಿಂದ ತೋರಿಸಲೆಂದು ನಿರ್ದೇಶಕ ಕ್ಯಾಮೆರಾ ಹಿಡಿದ.

"ಗೂಡಿನಾಗ ಇಲ್ಲಲ್ಲ?"

ನೋಡಲು ಸೇರಿದ್ದ ಹೆಂಗಸರಲ್ಲಿ ಒಬ್ಬರು, "ಪತ್ತೇದಾರನ್ನ ಕರೀರಿ!" ಎಂದರು. ಎಲ್ಲರೂ ನಕ್ಕರು. ದರ್ಜಿಯವರು ಪಾತ್ರದ ಗತ್ತಿನಲ್ಲೇ ಭೂತಗನ್ನಡಿ ಹಿಡಿದು ಗೂಡಿನೊಳಗೆ ತಲೆ ಹಾಕಿದರು. ಮತ್ತೆ ನಗು. ಮನೆಯೊಡತಿ ಮಾತ್ರ ನಗಲಿಲ್ಲ. ಅವರ ಕೈ ಖಾಲಿ ಕೊರಳಿನ ಮೇಲಿತ್ತು. ಅದನ್ನು ನೋಡಿ ನಗು ಒಂದೊಂದಾಗಿ ನಿಂತಿತು.

ಗೂಡು, ಹಾಸಿಗೆ, ಕ್ಯಾಮೆರಾದ ಚೀಲ, ಅಡುಗೆಮನೆ, ಎಲ್ಲವನ್ನೂ ತಡಕಿದೆವು. ಸಿಗಲಿಲ್ಲ. ಆಗ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಲ್ಕಾರು ದಿನಗಳಿಂದ ದರ್ಜಿಯವರು ಮನೆಮನೆಗೂ ನುಗ್ಗಿ ಹೆಜ್ಜೆ ಅಳೆಯುವುದನ್ನು ಕಂಡಿದ್ದ ಊರಿನವರು ನಿಜವಾಗಿಯೂ ಅವರ ಕಡೆಗೇ ತಿರುಗಿದರು.

"ಕೋಟು ಬಿಚ್ಚಬ್ಯಾಡಪಾ, ಹಂಗೇ ಹುಡುಕು," ಎಂದರು ಮುದುಕಿ.

"ಯವ್ವಾ, ನಾನು ಟೇಲರು! ಗುಂಡಿ ಕಳದ್ರ ಹುಡುಕಿಕೊಟ್ಟೇನು, ಬಂಗಾರ ಎಲ್ಲಿಂದ ತರಲಿ?"

"ಅಲ್ಲಪಾ, ಇಷ್ಟು ದಿನ ಏನು ಮಾಡಿದಿ ಮತ್ತ?"

"ಅದು ನಾಟಕ, ಯವ್ವಾ."

"ನಾಟಕ ಬರ್ತೈತಿ, ಕೆಲಸ ಬರಂಗಿಲ್ಲ ಅನ್ನು," ಎಂದು ಮುದುಕಿ ಮುಖ ತಿರುಗಿಸಿದರು. ದರ್ಜಿಯವರು ನನ್ನ ಕಡೆ ನೋಡಿದರು. ಭಾಷಣ ಬರೆದವನು ನಾನಲ್ಲವೇ?

ನಾನು ಸುಮ್ಮನಿರಲಿಲ್ಲ. ಯಾರು ಎಲ್ಲಿ ಊಟಕ್ಕೆ ಕೂತಿದ್ದರು, ಯಾರು ನಡುವೆ ಎದ್ದರು, ಒಳಕೋಣೆಗೆ ಯಾರು ಹೋದರು ಎಂದು ಒಬ್ಬೊಬ್ಬರನ್ನೇ ಸೌಜನ್ಯದಿಂದ ಕೇಳಿದೆ. ಜನ ಹಲವರು, ಬಾಗಿಲು ಎರಡು, ನೆನಪುಗಳು ಒಂದರ ಮೇಲೊಂದು. ಎಲ್ಲವನ್ನೂ ಜೋಡಿಸಿದಾಗ ಅನುಮಾನ ಹೋಗಿ ನಿಂತದ್ದು ಆಟೋದವನ ಮೇಲೆ. ಕೊನೆಯಲ್ಲಿ ಆಭರಣ ಮುಟ್ಟಿದವನು ಅವನು. ಆ ಹೊತ್ತಿನಲ್ಲಿ ಊರು ಬಿಟ್ಟು ಹೋಗಿ ಬಂದವನೂ ಅವನೊಬ್ಬನೇ. ನಾನು ಅದನ್ನು ಹೇಳಬೇಕಾಗಿಯೇ ಬರಲಿಲ್ಲ. ಬಾಗಿಲಿನ ಕಡೆಯಿಂದ ಹೆಂಗಸೊಬ್ಬರು ಹೇಳಿಯೇಬಿಟ್ಟರು:

"ಮುಂಜಾನಿಯಿಂದ ಕದಿಯಾದೇ ಮಾಡ್ಯಾನ. ಕೈಗೆ ರೂಢಿ ಆಗಿರಬೇಕು."

ಅದು ತಮಾಷೆಯ ಮಾತು. ಆದರೆ ಯಾರೂ ನಗದ ಕಾರಣ ಅದು ತಮಾಷೆಯಾಗಿ ಉಳಿಯಲಿಲ್ಲ.

ಆಟೋದವನ ಮುಖದಿಂದ ಬೆಳಗಿನ ಆ ನಗು ಇಳಿದುಹೋಯಿತು. "ಅಕ್ಕಾ, ಜರಾ ವಿಚಾರ ಮಾಡಿ ಮಾತಾಡು. ಹೆಣ್ಮಕ್ಕಳು ಕೊಳ್ಳಾಗ ಬಂಗಾರ ಹಾಕ್ಕೊಂಡು, ಕೂಸು ಮಲಗಿಸ್ಕೊಂಡು ನನ್ನ ಆಟೋದಾಗ ಬರ್ತಾರ. ಇಂಥಾ ಹೆಸರು ಬಂತಂದ್ರ ನಾಳಿಂದ ಯಾರು ಹತ್ತತಾರ? ಬರೇ ಗಾಳಿ ಕುಂದರಿಸ್ಕೊಂಡು ಓಡಿಸ್ಲೇನು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ನಾನು, "ಅವಕಾಶ ಇತ್ತು ಎಂದರೆ ಅವನೇ ಮಾಡಿದ ಎಂದಲ್ಲ," ಎಂದೆ.

"ಸರೇ, ಸಾರ್," ಎಂದರು ಮನೆಯೊಡತಿ. "ಮತ್ತ ಯಾರು?"

ಇಷ್ಟು ವರ್ಷಗಳಿಂದ ನಾನು ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ನನ್ನ ತರ್ಕದಲ್ಲಿ ದೋಷವಿರಲಿಲ್ಲ. ಅದು ನಿಂತ ಜಾಗದಿಂದ ಮುಂದಕ್ಕೆ ಹೋಗಲಿಲ್ಲ, ಅಷ್ಟೇ. ನಿರ್ದೇಶಕ ಪೊಲೀಸ್ ಠಾಣೆಗೆ ಹೋಗೋಣವೆಂದ. ಮುದುಕಿ ಒಪ್ಪಲಿಲ್ಲ.

"ಠಾಣೆಗೆ ಹೋದ್ರ ಬೋರಮಾಳ ಸಿಗತೈತೋ ಇಲ್ಲೋ, ಹೆಸರಂತೂ ಸಿಗತೈತಿ. ಹೆಸರು ತಗೊಂಡು ಕೊಳ್ಳಾಗ ಹಾಕ್ಕೊಳ್ಳೇನು? ಹೊಟ್ಟು ಹಾಕ್ರಿ."

ಹೊಟ್ಟು ಹಾಕುವುದೆಂದರೇನೆಂದು ನನಗೆ ತಿಳಿದಿರಲಿಲ್ಲ. ಕೇಳಿ ತಿಳಿದುಕೊಂಡೆ. ಊರಿನೊಳಗೆ ಏನಾದರೂ ಕಳೆದರೆ ಒಂದು ಕೋಣೆಯನ್ನು ಬರಿದು ಮಾಡಿ ನಾಲ್ಕಾರು ಬುಟ್ಟಿ ಹೊಟ್ಟನ್ನು ಗುಡ್ಡೆ ಹಾಕುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿಗೆ ಬಂದಿದ್ದವರೆಲ್ಲ ತಮ್ಮ ತಮ್ಮ ಮನೆಯಿಂದ ಒಂದು ಮುಷ್ಟಿ ಹೊಟ್ಟನ್ನು ಸೆರಗಿನಲ್ಲೋ ಹೆಗಲ ವಲ್ಲಿಯಲ್ಲೋ ಮುಚ್ಚಿ ತಂದು, ಒಬ್ಬೊಬ್ಬರೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಗುಡ್ಡೆಯೊಳಗೆ ಕೈಯಿಟ್ಟು ಬಿಟ್ಟುಬರಬೇಕು. ಯಾರ ಮುಷ್ಟಿ ದಪ್ಪ, ಯಾರು ಒಳಗೆ ಹೆಚ್ಚು ಹೊತ್ತು ಇದ್ದರು ಎಂದು ನೋಡಬಾರದು. ಎಲ್ಲರೂ ಹಾಕಿದ ಮೇಲೆ ಮನೆಯ ಹಿರಿಯಾಕೆ ಮೊರ ಹಿಡಿದು ಗುಡ್ಡೆಯನ್ನು ಕೇರುತ್ತಾಳೆ. ಕಳೆದದ್ದು ಸಿಕ್ಕರೆ ಮಾತು ಅಲ್ಲಿಗೆ ಮುಗಿಯಿತು. ಅನಂತರ ಯಾರೆಂದು ಕೇಳಿದವನದೇ ತಪ್ಪು. ಬೆಳ್ಳಿಯ ಕಾಲ್ಗಡಗ ಹೀಗೆ ಮರಳಿದ್ದುಂಟು, ಕಿವಿಯೋಲೆ ಮರಳಿದ್ದುಂಟು. ಈಚೆಗೆ ಒಂದು ಮೊಬೈಲು ಬಂದಿತ್ತಂತೆ. ಅದರ ಯಜಮಾನ ತಾಳಲಾರದೆ ಕರೆ ಮಾಡಿದಾಗ ಹೊಟ್ಟಿನ ಗುಡ್ಡೆಯೇ ಹಾಡತೊಡಗಿತಂತೆ.

ನನಗೆ ಆಶ್ಚರ್ಯವಾಯಿತು, ಆಕ್ಷೇಪಗಳೂ ಎದ್ದವು. ಕದ್ದವರು ತಪ್ಪಿಸಿಕೊಂಡರೆ ನಾಳೆ ಮತ್ತೆ ಕದಿಯಲಾರರೇ ಎಂದು ಕೇಳಿದೆ. "ಕದ್ರ ಮತ್ತ ಹೊಟ್ಟು ಹಾಕ್ತೀವಿ. ಹೊಟ್ಟಿಗೇನು ಬರ ಬಂದೈತೇನು?" ಎಂದರು ಮುದುಕಿ. ಶೇಂಗಾ ಬಿಡಿಸಿದ ಮೇಲಿನ ದಿನಗಳು. ಪ್ರತಿ ಮನೆಯ ದನದ ಕೊಟ್ಟಿಗೆಯಲ್ಲೂ ಹೊಟ್ಟು ತುಂಬಿತ್ತು.

ಸಂಜೆ ಬಿಸಿಲು ಇರುವಾಗಲೇ ಮೊದಲ ಸುತ್ತು ನಡೆಯಿತು. ನಾವು, ಹೊರಗಿನಿಂದ ಬಂದವರು, ನೆರೆಮನೆಗಳಲ್ಲಿ ಕೇಳಿ ತಂದು ಹಾಕಿದೆವು. ನೋಡಲು ಬಂದ ನೆರೆಹೊರೆಯವರು ಹಾಕಿದರು. ರೂಢಿಯಂತೆ ಮನೆಯವರು ಹಾಕಲಿಲ್ಲ. ದರ್ಜಿಯವರು ಒಳಗೆ ಹೋಗುವ ಮುನ್ನ ಕೋಟು ಬಿಚ್ಚಿ ಜಗಲಿಯ ಮೇಲಿಟ್ಟು, "ಇದಕ್ಕ ಜೇಬು ಬಹಳ ಅದಾವ. ನಮಗ್ಯಾಕ ಬೇಕು?" ಎಂದರು. ಆಟೋದವನೂ ಹಾಕಿದ. ಮುದುಕಿ ಕೇರಿದರು. ಬರಿಯ ಹೊಟ್ಟು.

ಆಗ ಎಲ್ಲರ ಕಣ್ಣುಗಳೂ ಆಟೋದವನ ಮೇಲೆ ಬಿದ್ದವು. ಮೊದಲಿದ್ದುದು ಅನುಮಾನ, ಈಗ ಅದರ ಜೊತೆಗೆ, 'ಇಷ್ಟು ಅವಕಾಶ ಕೊಟ್ಟರೂ ತರಲಿಲ್ಲವಲ್ಲ' ಎಂಬ ಸಿಟ್ಟೂ ಸೇರಿತ್ತು. ಅವನು ಅಲ್ಲಿಂದ ಹೊರಟುಹೋಗಬಹುದೆಂದುಕೊಂಡೆ. ಅವನು ಹೋಗಲಿಲ್ಲ. ಅಂಗಳದ ನಡುವೆ ನಿಂತ.

"ಯವ್ವಾ, ನಾಳೆ ಮುಂಜಾನಿ ಮತ್ತೊಮ್ಮೆ ಹಾಕೂಣು. ನಾನು ಹಾಕ್ತೀನಿ. ಆದ್ರ ಈ ಸಲ ಅಕ್ಕನೂ ಹಾಕ್ಬೇಕು. ನೀನೂ ಹಾಕ್ಬೇಕು. ಈ ಮನಿಯಾಗ ಇದ್ದವರು ಅಷ್ಟೂ ಮಂದಿ ಹಾಕ್ಬೇಕು."

ಮನೆಯೊಡತಿಗೆ ರೇಗಿತು. "ನನ್ನ ವಸ್ತಾ ನಾನೇ ಕದೀತೀನೇನಲೇ?"

"ನಾನು ಕದ್ದಿದ್ದು ಯಾರು ನೋಡ್ಯಾರ, ಅಕ್ಕಾ?"

"ಕಳಕೊಂಡಾಕಿ ನಾನು!"

"ಹೌದು, ನೀನು ಬೋರಮಾಳ ಕಳಕೊಂಡಿ. ನಾನು ಏನು ಕಳಕೊಳ್ಳಾಕತ್ತೀನಿ ಅಂತ ನೋಡು. ಬರೇ ನಮ್ಮ ಕೈ ಹೊಟ್ಟಿನಾಗ ಹೋದ್ರ, ಬೋರಮಾಳ ಬಂದರೂ ನನ್ನ ಹೆಸರು ಬರಂಗಿಲ್ಲ. 'ಆಟೋದವ ಹೆದರಿ ತಂದಿಟ್ಟ' ಅಂತೀರಿ. ಎಲ್ಲಾರ ಕೈಯೂ ಹೋಗಲಿ. ಆಮ್ಯಾಗ ಏನರ ಅನ್ನೋರು ತಮ್ಮನ್ನೂ ಸೇರಿಸ್ಕೊಂಡು ಅನ್ನಲಿ."

ಹತ್ತಾರು ವರ್ಷಗಳ ಚರ್ಚಾಸ್ಪರ್ಧೆಗಳಲ್ಲಿ ನಾನು ಬಹಳ ವಾದಗಳನ್ನು ಕೇಳಿದ್ದೇನೆ. ವಾದಿಸುವವನ ಜೀವನವೇ ಒತ್ತೆಯಾಗಿದ್ದ ವಾದವನ್ನು ಅಂದು ಮೊದಲ ಬಾರಿಗೆ ಕೇಳಿದೆ. ನಾನು ಅವನ ಪರವಾಗಿ ಮಾತನಾಡಿದೆ. ಅನುಮಾನವು ಬಡವರ ಬಾಗಿಲಲ್ಲಿ ಶುರುವಾಗಿ ದೊಡ್ಡ ಬಾಗಿಲಿನ ಮುಂದೆ ನಿಲ್ಲುವುದಾದರೆ ಅದು ವಿಚಾರಣೆಯಲ್ಲ ಎಂದೆ. ಮಾತು ಸ್ವಲ್ಪ ಉದ್ದವಾಯಿತು. ಮುದುಕಿ ಕೈಯೆತ್ತಿ ತಡೆದರು.

"ನಮ್ಮತ್ತಿ ಕಾಲದಾಗ ಮನಿಯವರು ಹಾಕ್ತಿದ್ದಿಲ್ಲ."

"ನಿಮ್ಮತ್ತಿ ಕಾಲದಾಗ ಸಿನಿಮಾನೂ ತಗೀತಿದ್ದಿಲ್ಲ, ಯವ್ವಾ," ಎಂದರು ದರ್ಜಿಯವರು.

ಮುದುಕಿ ಅವರನ್ನು ದುರುಗುಟ್ಟಿ ನೋಡಿದರು. ತುಟಿ ಬಿಗಿಹಿಡಿದು ನಗೆ ತಡೆದುಕೊಂಡಂತೆ ನನಗೆ ಕಂಡಿತು. "ಸರೇ, ಪೋನಿ, ಹೋಗಲಿ," ಎಂದರು ಕೊನೆಗೆ. "ನಾಳೆ ಎಲ್ಲಾರೂ ತರ್ರಿ. ಮೊದಲನೇ ಮುಷ್ಟಿ ನಂದು."

ಮರುದಿನ ಬೆಳಿಗ್ಗೆ ಅವರೇ ಮೊದಲು ಹೋದರು. ಅವರ ಹಿಂದೆ ಮನೆಯೊಡತಿ, ಮುಖ ಬಿಗಿದುಕೊಂಡು. ಆಮೇಲೆ ಮನೆಯ ಗಂಡಸರು, ನಿರ್ದೇಶಕ, ನೆರೆಯವರು, ದರ್ಜಿ, ಆಟೋದವನು. ನಡುವೆ ಎಲ್ಲೋ ನನ್ನ ಸರದಿ ಬಂತು. ಕೋಣೆಯಲ್ಲಿ ಒಂದು ಸಣ್ಣ ಗವಾಕ್ಷಿಯ ಬೆಳಕು. ಗುಡ್ಡೆ ಮೊಣಕಾಲೆತ್ತರಕ್ಕೆ ಬೆಳೆದಿತ್ತು. ಕೈಯನ್ನು ಒಳಗಿಟ್ಟಾಗ ಹೊಟ್ಟು ಒಳಗೊಳಗೇ ಬೆಚ್ಚಗಿತ್ತು. ಮುಷ್ಟಿ ಬಿಡಿಸಿದೆ. ಬೆರಳುಗಳನ್ನು ಇನ್ನಷ್ಟು ಆಳಕ್ಕೆ ಚಾಚಿದರೆ ಸಾಕು, ಗುಂಡುಗಳು ತಗಲುತ್ತವೆಯೋ ಇಲ್ಲವೋ ಗೊತ್ತಾಗುತ್ತದೆ. ತಗಲಿದರೆ ನನಗಿಂತ ಮೊದಲು ಹೋದವರಲ್ಲೇ ಒಬ್ಬರು, ಇಲ್ಲದಿದ್ದರೆ ನಂತರದವರು. ಅರ್ಧ ಉತ್ತರ ನನ್ನ ಬೆರಳ ತುದಿಯ ಅಳತೆಯಲ್ಲಿತ್ತು. ತಿಳಿಯಬೇಕೆಂಬ ಆಸೆ ಕೈಯೊಳಗೆ ಇಷ್ಟು ಗಟ್ಟಿಯಾಗಿ ಕೂತಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಯಾರೋ ಕೆಮ್ಮಿದರು. ಕೈ ಹಿಂತೆಗೆದುಕೊಂಡು ಬಂದೆ. ಬಾಗಿಲು ತೆರೆದಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಹಾಗೆ ನೋಡಿಸಿಕೊಳ್ಳದೆ ಹೊರಬರುವುದು ಒಂದು ಗೌರವವೆಂದು ಆಗ ಅರಿವಾಯಿತು.

ಈ ಸಲ ಗುಡ್ಡೆಯನ್ನು ಅಂಗಳಕ್ಕೆ ತಂದು ಎಲ್ಲರೆದುರು ಕೇರಬೇಕೆಂದು ದರ್ಜಿಯವರು ಹೇಳಿದರು. ಮುದುಕಿ ಅದಕ್ಕೂ ಒಪ್ಪಿದರು. ಮೊರ ಏರಿತು, ಇಳಿಯಿತು. ಶೇಂಗಾ ಸಿಪ್ಪೆಯ ಧೂಳು ಬಿಸಿಲಿನಲ್ಲಿ ಹಾರಿತು. ಆಟೋದವನು ಕಂಬಕ್ಕೆ ಒರಗದೆ, ಕೈ ಕಟ್ಟದೆ ನಿಂತಿದ್ದ. ಕೆಲವು ಮೊರಗಳಾದ ಮೇಲೆ ಹೊಟ್ಟಿನ ಸದ್ದಿನೊಳಗೆ ಬೇರೊಂದು ಸದ್ದು ಕೇಳಿಸಿತು. ಮುದುಕಿ ಮೊರವನ್ನು ಓರೆ ಮಾಡಿದರು. ಬೋರಮಾಳ ಜಾರಿ ಮುಂದೆ ಬಂತು.

"ಬಂತು," ಎಂದರು, ಬಸ್ಸು ಬಂತು ಎನ್ನುವಂತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಬ್ಬಾ ಎನ್ನಲಿಲ್ಲ. ಮನೆಯೊಡತಿ ಅದನ್ನು ಸೆರಗಿನಿಂದ ಒರೆಸಿ ಹಾಕಿಕೊಂಡರು. ಒಬ್ಬರು ಹೊಟ್ಟು ಗುಡಿಸಿದರು. ಇನ್ನೊಬ್ಬರು ಚಹಾಕ್ಕೆ ಇಟ್ಟರು. ನಾನು ಮಾತ್ರ ಮುಖದಿಂದ ಮುಖಕ್ಕೆ ನೋಡುತ್ತಿದ್ದೆ. ಮೊದಲ ಸುತ್ತಿನಲ್ಲಿ ಬಾರದ್ದು ಎರಡನೆಯದರಲ್ಲಿ ಬಂತೆಂದರೆ, ಹೊಸದಾಗಿ ಸೇರಿದ ಕೈಗಳಲ್ಲೇ ಒಂದಿರಬೇಕಲ್ಲವೇ? ಅಥವಾ ಮೊದಲು ಧೈರ್ಯ ಸಾಲದವರಿಗೆ ರಾತ್ರಿ ಕಳೆದ ಮೇಲೆ ಮನಸ್ಸು ಬದಲಾಯಿತೇ? ಕದ್ದದ್ದೇ ಅಲ್ಲದೆ ಎಲ್ಲೋ ಜೋಪಾನವಾಗಿ ಎತ್ತಿಟ್ಟು, ಗಲಾಟೆ ಎದ್ದಮೇಲೆ ಹೇಳಲಾರದೆ ಹೋದವರೂ ಇರಬಹುದಲ್ಲವೇ? ನನ್ನ ಬಾಯಿ ತೆರೆದಿರಬೇಕು.

"ಸಾರ್," ಎಂದರು ಮುದುಕಿ. "ಚಾ ಆರ್ತೈತಿ."

ನಾನು ಚಹಾ ಕುಡಿದೆ. ಯಾರೆಂದು ಇಂದಿಗೂ ನನಗೆ ತಿಳಿಯದು. ಆಸಕ್ತಿ ಕಡಿಮೆಯಾಗಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ.

ಆದರೆ ಆಟೋದವನ ಗತಿಯೇನಾಯಿತೆಂಬುದು ತಿಳಿಯಲು ಹೆಚ್ಚು ಕಾಯಬೇಕಾಗಲಿಲ್ಲ. ಚಿತ್ರೀಕರಣ ಮುಗಿಯುವ ಮೊದಲೇ ಮನೆಯೊಡತಿಗೆ ಪತ್ತಿಕೊಂಡದಲ್ಲಿ ನೆಂಟರ ಮನೆಯ ಶುಭಕಾರ್ಯವೊಂದಕ್ಕೆ ಹೋಗಬೇಕಿತ್ತು. ಬಸ್ಸು ಸಿಗುವ ಜಾಗದವರೆಗೆ ಆಟೋ ಬೇಕು. ಹಾದಿಯಲ್ಲಿ ಇನ್ನೊಂದು ಆಟೋ ಬರುವುದಿತ್ತು. ಅವರು ಅದಕ್ಕೆ ಕಾಯಲಿಲ್ಲ. ಬೋರಮಾಳ ಎಲ್ಲರಿಗೂ ಕಾಣುವಂತೆ ರವಿಕೆಯ ಮೇಲಿತ್ತು. ಅವನ ಆಟೋದ ಹತ್ತಿರ ಬಂದು ನಿಂತರು.

"ಹತ್ರಿ, ಅಕ್ಕಾ," ಎಂದ ಅವನು. "ಹಿಂದ ಕುಂದರ್ರಿ, ಮುಂದ ಧೂಳು ಬಡೀತೈತಿ."

"ಮೆಲ್ಲಕ ಓಡಸು. ಸಿನಿಮಾದಾಗ ಓಡ್ಸಿದಂಗ ಓಡಸಬ್ಯಾಡ," ಎಂದು ಗದರಿ ಅವರು ಹತ್ತಿ ಕೂತರು. ಅವರ ಹಿಂದೆ, ಕೈಗೆ ರೂಢಿಯಾಗಿರಬೇಕು ಎಂದಿದ್ದ ಆ ಹೆಂಗಸೂ ಮಗುವನ್ನೆತ್ತಿಕೊಂಡು ಹತ್ತಿದರು. ಆಟೋ ತುಂಬಿತು. ಅವನು ಯಾರನ್ನೂ ನೋಡದೆ ಹೊರಡಿಸಿದ. ತಿರುವಿನಲ್ಲಿ ಬೇಕಿಲ್ಲದಿದ್ದರೂ ಹಾರನ್ ಬಾರಿಸಿದ್ದು ಕೇಳಿಸಿತು.

ಚಿತ್ರದ ಕೊನೆಯನ್ನು ನಿರ್ದೇಶಕ ಬದಲಿಸಿದ. ನನ್ನ ಭಾಷಣ ಅರ್ಧಕ್ಕೆ ನಿಲ್ಲುತ್ತದೆ. ಪತ್ತೇದಾರ ಬೆರಳೆತ್ತಿ ಕಳ್ಳನನ್ನು ತೋರಿಸುವ ಹೊತ್ತಿಗೆ ಮುದುಕಿ, ಆ ನಿಜವಾದ ಮುದುಕಿಯೇ, ಮೊರ ಹಿಡಿದು ಒಳಬಂದು, "ಮಾತು ಸಾಕು, ಎದ್ದು ಹೊಟ್ಟು ತರ್ರಿ," ಎನ್ನುತ್ತಾರೆ. ಪತ್ತೇದಾರನೂ ಕೋಟು ಬಿಚ್ಚಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಆಭರಣ ಸಿಕ್ಕ ಮೇಲೆ ಅವನು ಅಳುಮೋರೆಯಲ್ಲಿ, "ಆದ್ರ ಕಳ್ಳ ಯಾರು?" ಎಂದು ಕೇಳುತ್ತಾನೆ. ಅವನ ಕೈಗೆ ಒಂದು ಲೋಟ ಚಹಾ ಬರುತ್ತದೆ.

ಆದೋನಿಯ ಒಂದು ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಅದನ್ನು ತೋರಿಸಿದೆವು. ಟಗರಿನ ವಿಚಾರಣೆಗೆ ಜನ ಬಿದ್ದುಬಿದ್ದು ನಕ್ಕರು. ಕೊನೆಗೆ ಮಾತ್ರ ಒಬ್ಬರು ಎದ್ದು ನಿಂತು, "ಕಳ್ಳನ್ನ ತೋರಸ್ರಿ! ಇಲ್ಲಂದ್ರ ಸಿನಿಮಾ ಮುಗಿದಂಗಲ್ಲ," ಎಂದು ಜಗಳಕ್ಕೇ ಬಂದರು. ಹಳ್ಳಿಯಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನ ತೋರಿಸಿದಾಗ, ಯಾರೂ ಅದನ್ನು ಕೇಳಲಿಲ್ಲ. ಅವರ ತಕರಾರು ಬೇರೆಯಿತ್ತು: ಮುದುಕಿ ಮೊರ ಹಿಡಿದ ರೀತಿ ಕ್ಯಾಮೆರಾದಲ್ಲಿ ಸರಿಯಾಗಿ ಬಂದಿಲ್ಲವೆಂದು.

ಮಂತ್ರಾಲಯದ ವಸತಿಗೃಹವೊಂದರಲ್ಲಿ ಕೆಲಸ ಮಾಡುವ ನನ್ನ ಪರಿಚಿತರೊಬ್ಬರು ಇದನ್ನು ಮೊಬೈಲಿನಲ್ಲಿ ನೋಡಿ ಕೇಳಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. "ಎಲ್ಲಾ ಸರಿ ಐತಿ ಸಾರ್. ನಮ್ಮಲ್ಲಿ ಏನರ ಕಳದ್ರ, ಯಾತ್ರಿಕರು ಆಗಲೇ ಬಸ್ ಹತ್ತಿರ್ತಾರ. ಹೊಟ್ಟು ಯಾರು ಹಾಕ್ಬೇಕು?" ಹೌದು. ನಾಳೆಯೂ ಪರಸ್ಪರ ಮುಖ ನೋಡಬೇಕಾದವರ ನಡುವೆ ಮಾತ್ರ ಈ ಗುಡ್ಡೆ ಕೆಲಸ ಮಾಡುತ್ತದೆ. ಮೈಮೇಲೆ ಕೈ ಮಾಡಿದವರಿಗೆ, ಊರಿನ ಸೊತ್ತನ್ನು ನುಂಗಿದ ಬಲಾಢ್ಯರಿಗೆ ಹೊಟ್ಟಿನ ಮರೆ ಸಲ್ಲದು. ಅಲ್ಲಿ ಹೆಸರು ಬೇಕು, ವಿಚಾರಣೆ ಬೇಕು, ಶಿಕ್ಷೆಯೂ ಬೇಕು. ನನ್ನ ಭಾನುವಾರದ ಕೂಟದಲ್ಲಿ ಇದರ ಬಗ್ಗೆ ಚರ್ಚೆ ಇಟ್ಟಾಗ ಪರ ಮತ್ತು ವಿರೋಧ ಸರಿಸಮವಾಗಿ ನಿಂತವು, ತೀರ್ಪು ಹೇಳಲು ನನ್ನಿಂದಾಗಲಿಲ್ಲ. ಆದರೆ ನಮ್ಮ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಅಂಗಡಿಗಳಲ್ಲಿ, ಶಾಲೆಯ ಕೋಣೆಗಳಲ್ಲಿ ಕಳೆಯುವ ವಸ್ತುಗಳ ವಿಷಯ ಬೇರೆ. ಅಲ್ಲಿ ಏನಾದರೂ ಕಾಣೆಯಾದ ಕೂಡಲೇ ನಾವು ಒಂದು ಹೆಸರನ್ನು ಉಚ್ಚರಿಸುತ್ತೇವೆ. ಆ ಹೆಸರು ಕಸ ಗುಡಿಸುವವರದೋ ಪಾತ್ರೆ ತೊಳೆಯುವವರದೋ ಆಗಿರುತ್ತದೆ. ವಸ್ತು ಆಮೇಲೆ ಮಂಚದ ಕೆಳಗೆ ಸಿಕ್ಕರೂ ಆ ಹೆಸರನ್ನು ಯಾರೂ ಒರೆಸಿ ಹಿಂದಕ್ಕೆ ಕೊಡುವುದಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದೆ ಎಂದಾದರೂ ನಿಮ್ಮಲ್ಲಿ ಏನಾದರೂ ಕಳೆದರೆ, ಯಾರ ಹೆಸರನ್ನೂ ಎತ್ತುವ ಮುನ್ನ ಒಂದು ಕೋಣೆಯನ್ನು ಬರಿದು ಮಾಡಿ, ಒಂದು ಬುಟ್ಟಿ ಹೊಟ್ಟನ್ನೋ ಮರಳನ್ನೋ ಇಡಿ, ಒಂದು ರಾತ್ರಿ ಕಾಯಿರಿ. ಅಲ್ಲಿದ್ದ ಎಲ್ಲರೂ ಕೈಯಿಡಲಿ. ಮೊದಲು ನೀವು ಇಡಿ.